ಅಲ್ಲಿ ಬಹುಸಂಖ್ಯಾತರು, ಇಲ್ಲಿ ಅಲ್ಪಸಂಖ್ಯಾತರು: ರಾಜಕೀಯ ಚಿಂತನೆಯ ಕೆಲವು ಪರಿಕಲ್ಪನೆಗಳು ಮತ್ತು ನಾವು

ಲೋಧಿ ಕಾಲೋನಿಯ ಕಮಾನುಬಾಗಿಲುಗಳ ಸಾಲುಮನೆಗಳು ದೆಹಲಿಯ ಕನ್ನಡಿಗರಿಗೆ ಅಪರಿಚಿತವೇನಲ್ಲ. 1940ರ ದಶಕದಲ್ಲಿ, ಬ್ರಿಟಿಷ್ ಆಳ್ವಿಕೆಯ ಕೊನೆಯ ವರ್ಷಗಳಲ್ಲಿ, ಸರ್ಕಾರಿ ನೌಕರರಿಗಾಗಿ ಕಟ್ಟಿಸಿದ ವಸತಿಗಳಿವು. ಇತ್ತೀಚಿನ ವರ್ಷಗಳಲ್ಲಿ ಗೋಡೆಗಳ ಮೇಲಿನ ಬೃಹತ್ ಚಿತ್ರಗಳನ್ನು ನೋಡಲು ಜನ ಇಲ್ಲಿಗೆ ಬರುತ್ತಾರೆ. ನಮಗಾದರೋ ಇದು ಕೇಂದ್ರ ಸರ್ಕಾರದ ಸೇವೆಗೆಂದು ಧಾರವಾಡ, ಮೈಸೂರು, ಮಂಗಳೂರು, ಕಲಬುರಗಿಗಳ ಕಡೆಯಿಂದ ಬಂದವರು ಸಂಸಾರ ಹೂಡಿದ ಜಾಗ. ಮಕ್ಕಳು ಬೀದಿಯಲ್ಲಿ ಹಿಂದಿಯನ್ನೂ ಮನೆಯಲ್ಲಿ ಕನ್ನಡವನ್ನೂ ಆಡುತ್ತ ಬೆಳೆದ ಜಾಗ.

ಇಂತಹ ಒಂದು ಮನೆಯಲ್ಲಿ 2024ರ ಜುಲೈ ತಿಂಗಳ ಒಂದು ಭಾನುವಾರ ನಾವು ಕೆಲವರು ಸೇರಿದ್ದೆವು. ಖಾಸಗಿ ಉದ್ಯಮಗಳಲ್ಲಿ ಸ್ಥಳೀಯರಿಗೆ ಉದ್ಯೋಗ ಮೀಸಲಿಡುವ ಮಸೂದೆಗೆ ಕರ್ನಾಟಕದ ಸಚಿವ ಸಂಪುಟವು ಆಗತಾನೇ ಒಪ್ಪಿಗೆ ನೀಡಿ, ಪ್ರತಿಭಟನೆಯ ಕೂಗೆದ್ದೊಡನೆ ಅದನ್ನು ತಡೆಹಿಡಿದಿತ್ತು. ನಿವೃತ್ತ ಅಧಿಕಾರಿಯಾದ ಹಿರಿಯರೊಬ್ಬರು, "ತಡವಾಗಿಯಾದರೂ ಬಂದ ನ್ಯಾಯವನ್ನು ಬಾಗಿಲಿನಿಂದಲೇ ಹಿಂದಕ್ಕೆ ಕಳುಹಿಸಿದರಲ್ಲ!" ಎಂದು ಮರುಗಿದರು. ನಾವೆಲ್ಲರೂ ತಲೆದೂಗಿದೆವು. ಆಗ ಕಾಫಿ ತಂದ ಆ ಮನೆಯ ಮಗಳು, ರಾಜ್ಯಶಾಸ್ತ್ರದ ಎಂ.ಎ. ವಿದ್ಯಾರ್ಥಿನಿ, ಮೆಲ್ಲಗೆ ಕೇಳಿದಳು: "ದೊಡ್ಡಪ್ಪ, ಹರಿಯಾಣದಲ್ಲಿ ಇಂತಹದೇ ಕಾನೂನು ಜಾರಿಯಾದಾಗ ಅಣ್ಣ ಗುರುಗ್ರಾಮದಲ್ಲಿ ಕೆಲಸ ಹುಡುಕುತ್ತಿದ್ದ. ಆಗ ನೀವು ಇದು ಸಂವಿಧಾನಕ್ಕೆ ವಿರುದ್ಧ, ದೇಶ ಒಡೆಯುವ ಕೆಲಸ ಎಂದಿರಿ. ಎರಡಕ್ಕೂ ವ್ಯತ್ಯಾಸವೇನು?"

ಯಾರೂ ಒಡನೆ ಉತ್ತರಿಸಲಿಲ್ಲ. ಹಿರಿಯರೊಬ್ಬರನ್ನೇ ಕೇಳಿದ ಪ್ರಶ್ನೆ ಅದಾಗಿರಲಿಲ್ಲ. ಎರಡು ಸಲವೂ ತಲೆದೂಗಿದವರು ನಾವೇ. ರಾಜಕೀಯ ಚಿಂತನೆ ಎಂದರೆ ವಿಶ್ವವಿದ್ಯಾನಿಲಯದ ಪರೀಕ್ಷೆಗೆ ಓದುವ ವಿಷಯವೆಂದು ಭಾವಿಸಿದ್ದ ನಮಗೆ, ಅದು ನಮ್ಮ ಹಜಾರದಲ್ಲೇ ಕುಳಿತಿದೆಯೆಂಬ ಅರಿವು ಅಂದು ಮೂಡಿತು. ಕಳೆದ ಐವತ್ತು ವರ್ಷಗಳಲ್ಲಿ ಈ ಶಾಸ್ತ್ರದಲ್ಲಿ ಬಹುವಾಗಿ ಚರ್ಚಿತವಾದ ನಾಲ್ಕೈದು ಪರಿಕಲ್ಪನೆಗಳನ್ನು ಆ ಪ್ರಶ್ನೆಯ ಬೆಳಕಿನಲ್ಲಿ ಪರಿಚಯಿಸುವುದು ಈ ಲೇಖನದ ಉದ್ದೇಶ.

ಒಬ್ಬನೇ ಕನ್ನಡಿಗ, ಎರಡು ಸ್ಥಾನ

ಮೊದಲು ನಮ್ಮ ಸ್ಥಾನವೇನೆಂಬುದನ್ನು ಅರಿಯಬೇಕು. ಸಂವಿಧಾನದ 29ನೆಯ ವಿಧಿಯು ಭಾಷೆ, ಲಿಪಿ, ಸಂಸ್ಕೃತಿಗಳನ್ನು ಉಳಿಸಿಕೊಳ್ಳುವ ಹಕ್ಕನ್ನು ನೀಡುತ್ತದೆ. 30ನೆಯ ವಿಧಿಯು ಧಾರ್ಮಿಕ ಹಾಗೂ ಭಾಷಿಕ ಅಲ್ಪಸಂಖ್ಯಾತರಿಗೆ ತಮ್ಮ ಇಷ್ಟದ ಶಿಕ್ಷಣ ಸಂಸ್ಥೆಗಳನ್ನು ಸ್ಥಾಪಿಸಿ ನಡೆಸುವ ಹಕ್ಕನ್ನು ಕೊಡುತ್ತದೆ. ಆದರೆ ಅಲ್ಪಸಂಖ್ಯಾತರೆಂದರೆ ಯಾರು? ಇಡೀ ದೇಶವನ್ನು ಲೆಕ್ಕಕ್ಕೆ ಹಿಡಿಯಬೇಕೇ, ರಾಜ್ಯವನ್ನೇ?

ಇದಕ್ಕೆ ಸ್ಪಷ್ಟ ಉತ್ತರ ದೊರೆತದ್ದು ಕರ್ನಾಟಕದಿಂದಲೇ ಹೊರಟ ಒಂದು ಮೊಕದ್ದಮೆಯಲ್ಲಿ. ಮಣಿಪಾಲದ ಟಿ.ಎಂ.ಎ. ಪೈ ಪ್ರತಿಷ್ಠಾನ ಮತ್ತು ಕರ್ನಾಟಕ ಸರ್ಕಾರದ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ 11 ನ್ಯಾಯಾಧೀಶರ ಪೀಠವು 2002ರ ಅಕ್ಟೋಬರ್ 31ರಂದು ತೀರ್ಪಿತ್ತು, ರಾಜ್ಯಗಳು ಭಾಷೆಯ ಆಧಾರದ ಮೇಲೆ ರಚಿತವಾಗಿರುವುದರಿಂದ ಅಲ್ಪಸಂಖ್ಯಾತರನ್ನು ರಾಜ್ಯವಾರು ಲೆಕ್ಕದಿಂದಲೇ ನಿರ್ಧರಿಸಬೇಕೆಂದಿತು. ಇದರ ಫಲವನ್ನು ಗಮನಿಸಿ. ಬೆಂಗಳೂರಿನಲ್ಲಿ ರೈಲು ಹತ್ತುವ ಕನ್ನಡಿಗನು ಬಹುಸಂಖ್ಯಾತ. ಅವನೇ ನಿಜಾಮುದ್ದೀನ್ ನಿಲ್ದಾಣದಲ್ಲಿ ಇಳಿಯುವಾಗ ಅಲ್ಪಸಂಖ್ಯಾತ. ಅವನ ಭಾಷೆ ಬದಲಾಗಿಲ್ಲ, ಮನೆದೇವರು ಬದಲಾಗಿಲ್ಲ. ಅವನು ನಿಂತ ನೆಲ ಮಾತ್ರ ಬದಲಾಗಿದೆ. ಬಹುಸಂಖ್ಯೆ, ಅಲ್ಪಸಂಖ್ಯೆಗಳು ಹುಟ್ಟಿನಿಂದ ಬಂದ ಗುಣಗಳಲ್ಲ, ಸ್ಥಾನಗಳು ಎಂಬ ಈ ಅರಿವು ಎರಡೂ ಸ್ಥಾನಗಳಲ್ಲಿ ಬಾಳಿದ ಹೊರನಾಡ ಕನ್ನಡಿಗರಿಗೆ ಇತರರಿಗಿಂತ ಸುಲಭವಾಗಿ ದಕ್ಕಬೇಕು.

ಕಾಗದದ ಸಮಾನತೆ, ಬದುಕಿನ ಸಮಾನತೆ

ಎಲ್ಲರಿಗೂ ಒಂದೇ ನಿಯಮವನ್ನು ಅನ್ವಯಿಸಿದರೆ ಸಮಾನತೆ ಸಿದ್ಧಿಸಿತೆಂಬುದು ಹಳೆಯ ತಿಳಿವಳಿಕೆ. ನಿಯಮ ಒಂದೇ ಆದರೂ ಪರಿಸ್ಥಿತಿ ಬೇರೆಯಾದರೆ ಫಲವೂ ಬೇರೆಯಾಗುತ್ತದೆಂಬುದು ಇಂದಿನ ಚಿಂತಕರ ವಾದ. ಆದುದರಿಂದ ಔಪಚಾರಿಕ ಸಮಾನತೆ ಮತ್ತು ವಾಸ್ತವ ಸಮಾನತೆ ಎಂಬ ಭೇದವನ್ನು ಅವರು ಮಾಡುತ್ತಾರೆ.

ಇದಕ್ಕೆ ನಮ್ಮ ಮಕ್ಕಳ ಕಲಿಕೆಯೇ ನಿದರ್ಶನ. 1949ರಲ್ಲಿ ಪ್ರಾಂತಗಳ ಶಿಕ್ಷಣ ಸಚಿವರ ಸಮ್ಮೇಳನವು ಒಂದು ಸೂತ್ರವನ್ನು ಒಪ್ಪಿತು: ಒಂದು ಶಾಲೆಯಲ್ಲಿ 40 ಅಥವಾ ಒಂದು ತರಗತಿಯಲ್ಲಿ 10 ಮಕ್ಕಳು ಬೇರೊಂದು ಮಾತೃಭಾಷೆಯವರಿದ್ದರೆ, ಪ್ರಾಥಮಿಕ ಹಂತದಲ್ಲಿ ಆ ಭಾಷೆಯಲ್ಲಿ ಕಲಿಸಲು ಒಬ್ಬ ಶಿಕ್ಷಕರನ್ನಾದರೂ ಒದಗಿಸಬೇಕು. 1956ರ ಏಳನೆಯ ತಿದ್ದುಪಡಿಯಿಂದ ಸೇರಿದ 350ಎ ವಿಧಿಯು ಭಾಷಿಕ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸಾಕಷ್ಟು ಸೌಲಭ್ಯ ಕಲ್ಪಿಸಲು ಯತ್ನಿಸಬೇಕೆಂದು ರಾಜ್ಯಗಳಿಗೆ ಹೇಳಿತು. 350ಬಿ ವಿಧಿಯು ಇದನ್ನು ಗಮನಿಸಲು ವಿಶೇಷಾಧಿಕಾರಿಯನ್ನು ನೇಮಿಸಿತು. ಸೂತ್ರ ಎಲ್ಲರಿಗೂ ಒಂದೇ. ಆದರೆ ಸರ್ಕಾರಿ ವಸತಿಯಲ್ಲಿದ್ದ ಕುಟುಂಬವು ನಿವೃತ್ತಿಯ ಬಳಿಕ ಮನೆಯನ್ನು ತೆರವು ಮಾಡಲೇಬೇಕು. ಒಬ್ಬರು ದ್ವಾರಕೆಗೆ, ಒಬ್ಬರು ಮಯೂರ ವಿಹಾರಕ್ಕೆ, ಇನ್ನೊಬ್ಬರು ನೋಯ್ಡಾಕ್ಕೆ, ಮತ್ತೊಬ್ಬರು ಗುರುಗ್ರಾಮಕ್ಕೆ ಹೋದರೆ ಒಂದೇ ತರಗತಿಯಲ್ಲಿ ಹತ್ತು ಕನ್ನಡ ಮಕ್ಕಳು ಸೇರುವುದೆಲ್ಲಿ? ಅದರ ಮೇಲೆ ದೆಹಲಿ, ಉತ್ತರ ಪ್ರದೇಶ, ಹರಿಯಾಣಗಳೆಂಬ ಮೂರು ಸರ್ಕಾರಗಳು. ಒತ್ತಾಗಿ ನೆಲೆಸಿದವರನ್ನು ಕಣ್ಣಮುಂದಿಟ್ಟುಕೊಂಡು ಬರೆದ ಹಕ್ಕು, ಚದುರಿ ನೆಲೆಸಿದವರ ಕೈಗೆ ಎಟಕುವುದಿಲ್ಲ. ಲೋಧಿ ಎಸ್ಟೇಟಿನ ದೆಹಲಿ ಕನ್ನಡ ಶಾಲೆಯಂತಹ ಸಂಸ್ಥೆಯ ಬೆಲೆ ತಿಳಿಯುವುದು ಇಲ್ಲಿಯೇ. ಸರ್ಕಾರ ತಾನಾಗಿ ಕೊಡಲಾರದ್ದನ್ನು 30ನೆಯ ವಿಧಿಯ ಆಸರೆಯಲ್ಲಿ ಸಮುದಾಯವೇ ಕಟ್ಟಿಕೊಳ್ಳಬೇಕಾಗುತ್ತದೆ.

ಸೈರಣೆ ಸಾಲದು, ಮನ್ನಣೆ ಬೇಕು

ಕೆನಡಾದ ಚಿಂತಕ ಚಾರ್ಲ್ಸ್ ಟೇಲರ್ 1992ರಲ್ಲಿ ಪ್ರಕಟವಾದ ಪ್ರಬಂಧವೊಂದರಲ್ಲಿ 'ಮನ್ನಣೆಯ ರಾಜಕೀಯ'ವನ್ನು ವಿವರಿಸಿದರು. ಅವರು ಕ್ವಿಬೆಕ್ ಪ್ರಾಂತದವರು. ಇಂಗ್ಲಿಷಿನ ನಡುವೆ ಫ್ರೆಂಚ್ ಭಾಷಿಕರು ಪಟ್ಟ ಪಾಡನ್ನು ಬಲ್ಲವರು. ಮನುಷ್ಯನು ತನ್ನನ್ನು ತಾನು ಅರಿಯುವುದು ಇತರರು ತನ್ನನ್ನು ಹೇಗೆ ಕಾಣುತ್ತಾರೆಂಬ ಕನ್ನಡಿಯಲ್ಲಿ. ಆ ಕನ್ನಡಿ ಸೊಟ್ಟಗಿದ್ದರೆ ಅದೂ ಒಂದು ಬಗೆಯ ಅನ್ಯಾಯವೇ ಎಂಬುದು ಅವರ ವಾದದ ತಿರುಳು.

ಇದನ್ನು ದೆಹಲಿಯ ಕನ್ನಡಿಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ವಿಂಧ್ಯದ ಕೆಳಗಿನವರೆಲ್ಲರೂ 'ಮದ್ರಾಸಿ'ಗಳು ಎಂಬ ಮಾತನ್ನು ತರಕಾರಿ ಮಂಡಿಯಲ್ಲಿಯೂ ಕಚೇರಿಯಲ್ಲಿಯೂ ಕೇಳದ ಹಿರಿಯರು ನಮ್ಮಲ್ಲಿ ಯಾರಿದ್ದಾರೆ? ಅದನ್ನು ಆಡಿದವರಲ್ಲಿ ಬಹುಮಂದಿಗೆ ದ್ವೇಷವಿರಲಿಲ್ಲ. ನಮ್ಮನ್ನು ಅವರು ಸೈರಿಸಿಕೊಂಡೇ ಇದ್ದರು. ಆದರೂ ಸಾವಿರ ವರ್ಷಗಳಿಗೂ ಹಿಂದಿನ ಸಾಹಿತ್ಯವುಳ್ಳ, 2008ರಲ್ಲಿ ಶಾಸ್ತ್ರೀಯ ಭಾಷೆಯೆಂದು ಘೋಷಿತವಾದ ನುಡಿಯೊಂದಕ್ಕೆ ತನ್ನದೇ ಹೆಸರೂ ಇಲ್ಲವೆಂಬಂತೆ ನಡೆಸಿಕೊಂಡಾಗ ಆದ ನೋವು ಸುಳ್ಳಲ್ಲ.

ಈಗ ಕನ್ನಡಿಯನ್ನು ನಮ್ಮ ಕಡೆಗೆ ತಿರುಗಿಸೋಣ. 2011ರ ಜನಗಣತಿಯಂತೆ ತುಳುವನ್ನು ಮಾತೃಭಾಷೆಯೆಂದು ಬರೆಸಿದವರು 18 ಲಕ್ಷಕ್ಕೂ ಹೆಚ್ಚು. ಕೊಡವ ಭಾಷಿಕರು ಒಂದು ಲಕ್ಷಕ್ಕೂ ಹೆಚ್ಚು. ಕೊಂಕಣಿಯು 1992ರಲ್ಲಿ ಎಂಟನೆಯ ಅನುಸೂಚಿಗೆ ಸೇರಿತು. ತುಳು, ಕೊಡವಗಳು ಇನ್ನೂ ಹೊರಗೇ ನಿಂತಿವೆ. ಕರ್ನಾಟಕದಲ್ಲಿ ಈ ಭಾಷೆಗಳಿಗೆ ಅಕಾಡೆಮಿಗಳಿರುವುದು ನಿಜ. ಆದರೆ ತುಳುವನ್ನು 'ಕನ್ನಡದ ಒಂದು ಉಪಭಾಷೆ' ಎಂದು ನಮ್ಮ ಕೂಟಗಳಲ್ಲಿಯೇ ಹಗುರವಾಗಿ ಆಡುವುದುಂಟು. ಆ ಮಾತು ಮಂಗಳೂರಿನ ಮಿತ್ರರಿಗೆ ಹೇಗೆ ಕೇಳಿಸುತ್ತದೆಂಬುದನ್ನು ತಿಳಿಯಲು 'ಮದ್ರಾಸಿ' ಎಂಬ ಪದವನ್ನು ಒಮ್ಮೆ ನೆನೆದರೆ ಸಾಕು.

ಗುಂಪಿನ ಹಕ್ಕು: ಬಂದವರು ಮತ್ತು ಇದ್ದವರು

ಟೇಲರ್ ಅವರ ನಾಡಿನವರೇ ಆದ ವಿಲ್ ಕಿಮ್ಲಿಕಾ 1995ರ ತಮ್ಮ 'ಮಲ್ಟಿಕಲ್ಚರಲ್ ಸಿಟಿಜನ್‌ಶಿಪ್' ಗ್ರಂಥದಲ್ಲಿ ಎರಡು ಭೇದಗಳನ್ನು ಮಾಡಿದರು. ಎರಡೂ ನಮಗೆ ಉಪಯುಕ್ತ.

ಮೊದಲನೆಯದು, ವಲಸೆ ಬಂದು ನೆಲೆಸಿದವರು ಮತ್ತು ತಮ್ಮ ನೆಲದಲ್ಲೇ ಇದ್ದು ಅಲ್ಪಸಂಖ್ಯಾತರಾದವರು ಎಂಬ ಭೇದ. ದೆಹಲಿಯ ನಾವು ಮೊದಲ ವರ್ಗದವರು. ಉದ್ಯೋಗವನ್ನರಸಿ ನಾವಾಗಿಯೇ ಗಡಿ ದಾಟಿ ಬಂದವರು. ಕಾಸರಗೋಡಿನ ಕನ್ನಡಿಗರು ಹಾಗಲ್ಲ. ಅವರು ಅಂಗಳದಲ್ಲಿ ಕುಳಿತಿದ್ದಂತೆಯೇ 1956ರ ನವೆಂಬರ್ 1ರಂದು ಅವರ ನೆಲವು ಕೇರಳಕ್ಕೆ ಸೇರಿತು. ಚಂದ್ರಗಿರಿ ನದಿಯ ಉತ್ತರದ ಭಾಗವು ಮೈಸೂರು ರಾಜ್ಯಕ್ಕೆ ಸೇರಬೇಕೆಂದು 1967ರಲ್ಲಿ ಮಹಾಜನ ಆಯೋಗವು ಹೇಳಿದರೂ ಅದು ಜಾರಿಗೆ ಬರಲಿಲ್ಲ. 2017ರಲ್ಲಿ ಕೇರಳವು ಶಾಲೆಗಳಲ್ಲಿ ಮಲಯಾಳವನ್ನು ಕಡ್ಡಾಯಗೊಳಿಸಿದಾಗ ಅಲ್ಲಿನ ಕನ್ನಡಿಗರು ಬೀದಿಗಿಳಿದುದಕ್ಕೆ ಈ ಹಿನ್ನೆಲೆಯಿದೆ. ವಲಸೆ ಬಂದವರು ಹೊಸ ನೆಲದ ಭಾಷೆಯನ್ನು ಕಲಿಯಬೇಕೆಂದು ನಿರೀಕ್ಷಿಸುವುದು ನ್ಯಾಯವೇ. ಇದ್ದಲ್ಲೇ ಇದ್ದವರ ಹಕ್ಕು ಅದಕ್ಕಿಂತ ಬಲವಾದುದೆಂದು ಕಿಮ್ಲಿಕಾ ವಾದಿಸುತ್ತಾರೆ. ಹಾಗಾದರೆ ಕಾಸರಗೋಡಿಗಾಗಿ ನಾವು ಕೇಳುವ ಕನ್ನಡ ಶಾಲೆ, ಕನ್ನಡದಲ್ಲಿ ಸರ್ಕಾರಿ ಪತ್ರ ಎಂಬ ಬೇಡಿಕೆಗಳನ್ನೇ ಬೆಳಗಾವಿಯ ಮರಾಠಿ ಭಾಷಿಕರು ಮುಂದಿಟ್ಟಾಗ ನಮ್ಮ ಕಿವಿ ಮುಚ್ಚಬಾರದು. ಕರ್ನಾಟಕ ಸರ್ಕಾರವು ಮರಾಠಿ, ಉರ್ದು ಮಾಧ್ಯಮದ ಶಾಲೆಗಳನ್ನು ನಡೆಸುತ್ತ ಬಂದಿರುವುದು ಈ ದೃಷ್ಟಿಯಿಂದ ಹೆಮ್ಮೆಯ ಸಂಗತಿ.

ಎರಡನೆಯದು, ಹೊರಗಿನ ರಕ್ಷಣೆ ಮತ್ತು ಒಳಗಿನ ನಿರ್ಬಂಧ ಎಂಬ ಭೇದ. ದೊಡ್ಡ ಸಮಾಜದ ಒತ್ತಡದಿಂದ ತನ್ನನ್ನು ರಕ್ಷಿಸೆಂದು ಕೇಳುವ ಹಕ್ಕು ಗುಂಪಿಗಿದೆ; ಆದರೆ ತನ್ನೊಳಗಿನವರನ್ನೇ ಕಟ್ಟಿಹಾಕುವ ಹಕ್ಕು ಅದಕ್ಕಿಲ್ಲ. ಕರ್ನಾಟಕದ ಶಿಕ್ಷಣ ಮಾಧ್ಯಮದ ಮೊಕದ್ದಮೆಯಲ್ಲಿ ಎದ್ದ ಪ್ರಶ್ನೆ ಇದಕ್ಕೆ ಹತ್ತಿರದ್ದು. ಒಂದರಿಂದ ನಾಲ್ಕನೆಯ ತರಗತಿಯವರೆಗೆ ಮಾತೃಭಾಷೆ ಅಥವಾ ಕನ್ನಡವೇ ಮಾಧ್ಯಮವಾಗಿರಬೇಕೆಂದು 1994ರಲ್ಲಿ ಸರ್ಕಾರ ಆದೇಶಿಸಿತ್ತು. 2014ರ ಮೇ 6ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಾಧೀಶರ ಪೀಠವು, ಪ್ರಾಥಮಿಕ ಹಂತದ ಮಾಧ್ಯಮವನ್ನು ಆರಿಸುವುದು ಮಗು ಮತ್ತು ಪಾಲಕರ ಹಕ್ಕು, ಸರ್ಕಾರ ಅದನ್ನು ಹೇರಲಾಗದು ಎಂದಿತು. ತೀರ್ಪು ಅನೇಕ ಕನ್ನಡಿಗರಿಗೆ ನೋವು ತಂದಿತು, ನಮಗೂ ತಂದಿತು. ಆದರೆ ಆ ಕಡ್ಡಾಯದ ಆದೇಶವನ್ನು ಬೆಂಬಲಿಸುತ್ತಿದ್ದ ನಮ್ಮಲ್ಲಿ ಎಷ್ಟು ಮಂದಿ ನಮ್ಮ ಮಕ್ಕಳನ್ನು ಇಂಗ್ಲಿಷ್ ಮಾಧ್ಯಮಕ್ಕೆ ಸೇರಿಸಿದ್ದೆವೆಂಬುದನ್ನು ಎಣಿಸಿದರೆ, ಕೋರ್ಟಿನ ಮೇಲಿನ ಮುನಿಸು ಸ್ವಲ್ಪ ತಣಿಯುತ್ತದೆ.

ಕೃಪೆಯಲ್ಲ, ಹಕ್ಕು

ಸ್ವಾತಂತ್ರ್ಯವೆಂದರೆ ಯಾರೂ ಅಡ್ಡಿಮಾಡದಿರುವುದು ಎಂಬುದು ರೂಢಿಯ ಅರ್ಥ. ಐರ್ಲೆಂಡ್ ಮೂಲದ ಫಿಲಿಪ್ ಪೆಟಿಟ್ 1997ರ 'ರಿಪಬ್ಲಿಕನಿಸಂ' ಎಂಬ ಕೃತಿಯಲ್ಲಿ ಇದು ಸಾಲದೆಂದರು. ದಯಾಳುವಾದ ಒಡೆಯನಿರುವ ಆಳಿಗೆ ಯಾರೂ ಅಡ್ಡಿಮಾಡದಿರಬಹುದು. ಆದರೂ ಒಡೆಯನ ಮನಸ್ಸು ಬದಲಾಗುವವರೆಗೆ ಮಾತ್ರ ಅವನ ನೆಮ್ಮದಿ. ಇನ್ನೊಬ್ಬರ ಇಚ್ಛೆಗೆ ಅಧೀನನಾಗಿರದಿರುವುದೇ ನಿಜವಾದ ಸ್ವಾತಂತ್ರ್ಯ.

ಬಾಡಿಗೆ ಮನೆಗಳಲ್ಲಿ ಬಾಳಿದ ಎಲ್ಲರಿಗೂ ಇದರ ಅನುಭವವುಂಟು. ಕರಾರುಪತ್ರವಿಲ್ಲದೆ ಒಳ್ಳೆಯ ಮಾಲೀಕರ ಮನೆಯಲ್ಲಿ ಹತ್ತು ವರ್ಷ ಸುಖವಾಗಿದ್ದವರು, ಮಾಲೀಕರ ಮಗ ಬಂದೊಡನೆ ತಿಂಗಳೊಳಗೆ ಗಂಟುಮೂಟೆ ಕಟ್ಟಿದ್ದನ್ನು ನಾವು ನೋಡಿದ್ದೇವೆ. ಸಂಘ ಸಂಸ್ಥೆಗಳಿಗೂ ಇದು ಸಲ್ಲುತ್ತದೆ. ಪರಿಚಿತ ಅಧಿಕಾರಿಯ ಒಳ್ಳೆಯತನದಿಂದ ದೊರೆಯುವ ನೆರವು ಕೃಪೆ. ಅಧಿಕಾರಿ ವರ್ಗವಾದ ದಿನ ಅದು ನಿಲ್ಲುತ್ತದೆ. ಅಲ್ಪಸಂಖ್ಯಾತರ ಆಡಳಿತದಲ್ಲಿದೆ ಎಂಬ ಕಾರಣಕ್ಕೆ ಯಾವ ಶಿಕ್ಷಣ ಸಂಸ್ಥೆಗೂ ಅನುದಾನದಲ್ಲಿ ಭೇದ ಮಾಡಬಾರದೆಂದು 30ನೆಯ ವಿಧಿಯ ಎರಡನೆಯ ಖಂಡ ಹೇಳುವುದು ಹಕ್ಕು; ಅದಕ್ಕೆ ಯಾರ ಪರಿಚಯವೂ ಬೇಕಿಲ್ಲ. ರಾಜಧಾನಿಯಲ್ಲಿ ಬಹುಕಾಲ 'ಗೊತ್ತಿರುವವರ' ಮೂಲಕ ಕೆಲಸ ಮಾಡಿಸಿಕೊಂಡು ಬಂದ ನಮ್ಮ ಪೀಳಿಗೆಯು ಮುಂದಿನವರಿಗೆ ಕಲಿಸಬೇಕಾದ ಮೊದಲ ಪಾಠ ಇದೇ ಇರಬೇಕು.

ಅಜ್ಞಾನದ ತೆರೆ

ಈಗ ಆ ಹುಡುಗಿಯ ಪ್ರಶ್ನೆಗೆ ಬರೋಣ. ಅದನ್ನು ಅಳೆಯಲು ಬೇಕಾದ ಕೋಲನ್ನು ಅಮೆರಿಕದ ಜಾನ್ ರಾಲ್ಸ್ 1971ರ ತಮ್ಮ 'ಎ ಥಿಯರಿ ಆಫ್ ಜಸ್ಟಿಸ್' ಎಂಬ ಮಹಾಗ್ರಂಥದಲ್ಲಿ ಕೊಟ್ಟಿದ್ದಾರೆ. ಸಮಾಜದ ನಿಯಮಗಳನ್ನು ರೂಪಿಸುವವರು ಒಂದು ತೆರೆಯ ಹಿಂದೆ ಕುಳಿತಿದ್ದಾರೆಂದು ಊಹಿಸಿ. ತೆರೆ ಸರಿದಾಗ ತಾವು ಬಡವರೋ ಸಿರಿವಂತರೋ, ಯಾವ ಜಾತಿ, ಯಾವ ಮತ ಎಂಬುದು ಅವರಿಗೆ ತಿಳಿಯದು. ಆಗ ಅವರು ಯಾವ ಸ್ಥಾನದಲ್ಲಿ ಬಿದ್ದರೂ ಸಹ್ಯವಾಗುವಂತಹ ನಿಯಮವನ್ನೇ ಒಪ್ಪುತ್ತಾರೆ, ಅದೇ ನ್ಯಾಯ. ರಾಲ್ಸ್ ಇದನ್ನು ಸಮಾಜದ ಮೂಲ ರಚನೆಯ ಬಗೆಗೆ ಹೇಳಿದರು. ಇದನ್ನು ಭಾಷೆ ಮತ್ತು ಉದ್ಯೋಗದ ನಿಯಮಗಳಿಗೆ ಅನ್ವಯಿಸುತ್ತಿರುವವರು ನಾವು. ತೆರೆ ಸರಿದಾಗ ನಾವು ಬೆಂಗಳೂರಿನ ಜಯನಗರದಲ್ಲಿರಬಹುದು, ಲೋಧಿ ಕಾಲೋನಿಯಲ್ಲಿರಬಹುದು, ಕಾಸರಗೋಡಿನಲ್ಲಿರಬಹುದು. ಬೆಂಗಳೂರಿಗೆ ಕೂಲಿಗೆ ಬಂದ ಬಿಹಾರದ ಯುವಕನೂ ಆಗಿರಬಹುದು.

ಹರಿಯಾಣದ ಕಾನೂನು ತಿಂಗಳಿಗೆ 30,000 ರೂಪಾಯಿವರೆಗಿನ ಖಾಸಗಿ ಉದ್ಯೋಗಗಳಲ್ಲಿ ಶೇಕಡ 75ನ್ನು ಸ್ಥಳೀಯರಿಗೆ ಮೀಸಲಿಟ್ಟು 2022ರ ಜನವರಿಯಲ್ಲಿ ಜಾರಿಗೆ ಬಂದಿತು. 2023ರ ನವೆಂಬರಿನಲ್ಲಿ ಪಂಜಾಬ್ ಮತ್ತು ಹರಿಯಾಣ ಹೈಕೋರ್ಟು ಅದನ್ನು ಸಂವಿಧಾನಬಾಹಿರವೆಂದು ರದ್ದುಪಡಿಸಿತು. ಕರ್ನಾಟಕದ ಮಸೂದೆಯು ಆಡಳಿತ ವರ್ಗದ ಹುದ್ದೆಗಳಲ್ಲಿ ಶೇಕಡ 50, ಇತರ ಹುದ್ದೆಗಳಲ್ಲಿ ಶೇಕಡ 70 ಸ್ಥಳೀಯರಿಗೆಂದಿತ್ತು. ಸ್ಥಳೀಯನೆಂದರೆ ಕರ್ನಾಟಕದಲ್ಲಿ ಹುಟ್ಟಿ, 15 ವರ್ಷ ಅಲ್ಲಿ ನೆಲೆಸಿ, ಕನ್ನಡವನ್ನು ಆಡಲು, ಓದಲು, ಬರೆಯಲು ಬಲ್ಲವನು. ಈ ವ್ಯಾಖ್ಯೆಯನ್ನು ನಮ್ಮ ಮನೆಯ ಮಕ್ಕಳಿಗೆ ಅನ್ವಯಿಸಿ ನೋಡಿ. ದೆಹಲಿಯಲ್ಲಿ ಹುಟ್ಟಿದ ಕಾರಣ ಅವರು ಕರ್ನಾಟಕದಲ್ಲಿ ಸ್ಥಳೀಯರಲ್ಲ. ಹರಿಯಾಣದ ನಿವಾಸಿಗಳಲ್ಲದ್ದರಿಂದ ಹರಿಯಾಣದಲ್ಲಿಯೂ ಅಲ್ಲ. ಎಲ್ಲ ರಾಜ್ಯಗಳೂ ಹೀಗೆಯೇ ಮಾಡಿದರೆ ಅವರು ಎಲ್ಲಿಯೂ ಸ್ಥಳೀಯರಾಗಲಾರರು.

ಇದರ ಅರ್ಥ ಕರ್ನಾಟಕದ ಅಳಲು ಹುಸಿಯೆಂದಲ್ಲ. ದೀರ್ಘಕಾಲ ಸಂಸದೆಯಾಗಿದ್ದ ಡಾ. ಸರೋಜಿನಿ ಮಹಿಷಿ ಅವರ ಸಮಿತಿಯು 1986ರಲ್ಲಿಯೇ ಕನ್ನಡಿಗರಿಗೆ ಉದ್ಯೋಗದಲ್ಲಿ ಆದ್ಯತೆ ಬೇಕೆಂದು ವರದಿ ನೀಡಿತ್ತು. ತಮ್ಮ ನೆಲ, ನೀರುಗಳನ್ನು ಉದ್ಯಮಗಳಿಗೆ ಬಿಟ್ಟುಕೊಟ್ಟ ಊರಿನವರಿಗೆ ಕಾವಲುಗಾರನ ಕೆಲಸವೂ ಸಿಗದಿದ್ದರೆ ಅವರ ಸಿಟ್ಟು ನ್ಯಾಯವಾದದ್ದೇ. ಕನ್ನಡವು ತನ್ನ ರಾಜ್ಯದಲ್ಲಿ ಬಹುಸಂಖ್ಯಾತರ ನುಡಿಯಾದರೂ ಇಂಗ್ಲಿಷಿನ ಎದುರು, ಒಕ್ಕೂಟದ ಆಡಳಿತದಲ್ಲಿ ಹಿಂದಿಯ ಎದುರು ಬಲಹೀನವೇ. ತೆರೆಯ ಹಿಂದೆ ಕುಳಿತವರು ಇದನ್ನೂ ನೆನೆಯಬೇಕು.

ಹಾಗಾದರೆ ಯಾವ ನಿಯಮ ಎರಡೂ ಕಡೆಯಿಂದ ಸಹ್ಯ? ನಮ್ಮ ಚರ್ಚೆಯಲ್ಲಿ ಒಂದು ಗೆರೆ ಕಂಡಿತು. ಹೊಸಬನು ತನ್ನ ಪ್ರಯತ್ನದಿಂದ ಪೂರೈಸಬಲ್ಲ ಷರತ್ತು ಒಂದು ಬಗೆ. ಅವನು ಏನು ಮಾಡಿದರೂ ಪೂರೈಸಲಾಗದ ಷರತ್ತು ಇನ್ನೊಂದು ಬಗೆ. ಶಾಲೆಗಳಲ್ಲಿ ಕನ್ನಡವನ್ನು ಒಂದು ಭಾಷೆಯಾಗಿ ಕಲಿಯಬೇಕೆಂಬ ಕರ್ನಾಟಕದ 2015ರ ಕಾನೂನು ಮೊದಲ ಬಗೆಯದು; ನಮ್ಮ ಮಕ್ಕಳು ಇಲ್ಲಿ ಹಿಂದಿ ಕಲಿತಿಲ್ಲವೇ? ನಾಮಫಲಕದ ಶೇಕಡ 60 ಭಾಗ ಕನ್ನಡದಲ್ಲಿರಬೇಕೆಂಬ 2024ರ ನಿಯಮವೂ ಅಂತಹದೇ; ಉಳಿದ ಭಾಗದಲ್ಲಿ ಅಂಗಡಿಯವನು ತನ್ನ ಭಾಷೆಯನ್ನು ಬರೆಸಿಕೊಳ್ಳಬಹುದು. ಸಾರ್ವಜನಿಕರೊಡನೆ ವ್ಯವಹರಿಸುವ ನೌಕರನು ಇಂತಿಷ್ಟು ಅವಧಿಯೊಳಗೆ ಊರಿನ ಭಾಷೆ ಕಲಿಯಬೇಕೆಂಬುದನ್ನು ನಾವು ಎಲ್ಲಿದ್ದರೂ ಒಪ್ಪಬಹುದು. ಆದರೆ ಇಂತಹ ಕಡೆಯೇ ಹುಟ್ಟಿರಬೇಕೆಂಬ ಷರತ್ತನ್ನು ಯಾರ ಪ್ರಯತ್ನವೂ ಪೂರೈಸದು. ಕಲಿಕೆಯನ್ನು ಕೇಳುವ ನಿಯಮ ಬಾಗಿಲನ್ನು ತೆರೆದಿಡುತ್ತದೆ. ಹುಟ್ಟನ್ನು ಕೇಳುವ ನಿಯಮ ಬಾಗಿಲಿಗೆ ಅಗಳಿ ಹಾಕುತ್ತದೆ.

ಮರಳಿ ಆ ಮನೆಗೆ

ಕೆಲವು ವಾರಗಳ ಬಳಿಕ ನಾವು ಮತ್ತೆ ಸೇರಿದಾಗ ಹಿರಿಯರು ತಾವಾಗಿಯೇ ಮಾತು ತೆಗೆದರು. "ನೀನು ಕೇಳಿದ್ದು ಸರಿಯಮ್ಮ. ಹುಟ್ಟಿನ ಮಾತು ಬೇಡ, ಕಲಿಕೆಯ ಮಾತು ಇರಲಿ" ಎಂದರು. ಬಳಿಕ ನಗುತ್ತ, ಮೇಜಿನ ಮೇಲಿದ್ದ ಕನ್ನಡ ಮಾಸಪತ್ರಿಕೆಯನ್ನು ಅವಳ ಮುಂದೆ ಹಿಡಿದು, "ಹಾಗಾದರೆ ಈ ಪುಟ ಓದು ನೋಡೋಣ" ಎಂದರು. ಹುಡುಗಿ ಎರಡು ಸಾಲು ಓದಿ ಒತ್ತಕ್ಷರಗಳಲ್ಲಿ ಎಡವಿದಳು. ಮನೆಯಲ್ಲಿ ಸೊಗಸಾಗಿ ಕನ್ನಡವಾಡುವ, ರಾಲ್ಸ್, ಟೇಲರ್ ಅವರನ್ನು ಇಂಗ್ಲಿಷಿನಲ್ಲಿ ಅರಗಿಸಿಕೊಂಡ ಹುಡುಗಿ ತಾನು ಸಮರ್ಥಿಸಿದ ನಿಯಮದಲ್ಲಿಯೇ ಅನುತ್ತೀರ್ಣಳಾದಳು. ಅವಳೂ ನಕ್ಕಳು, ಅವಳ ತಾಯಿ ಮಾತ್ರ ನಗಲಿಲ್ಲ.

ಆ ತಾಯಿಯ ಮೌನದಲ್ಲಿ ನಮ್ಮ ಪೀಳಿಗೆಯ ತಪ್ಪೊಪ್ಪಿಗೆಯಿದೆ. ಹಕ್ಕು ನಮಗಿದ್ದರೂ ಅದನ್ನು ಬಳಸಿಕೊಳ್ಳುವ ಕೆಲಸವನ್ನು ನಾವು ಪೂರ್ತಿ ಮಾಡಲಿಲ್ಲ. ತರಗತಿಗೆ ಹತ್ತು ಮಕ್ಕಳು ಸೇರುವ ಶಾಲೆ ಪ್ರತಿ ಬಡಾವಣೆಯಲ್ಲಿ ಸಿಗದಿರಬಹುದು. ಭಾನುವಾರ ಒಂದು ಮನೆಯ ಹಜಾರದಲ್ಲಿ ಐದು ಮಕ್ಕಳು ಕುಳಿತು ಅಕ್ಷರ ತಿದ್ದಲು ಯಾವ ಕೋರ್ಟಿನ ಅಪ್ಪಣೆಯೂ ಬೇಕಿಲ್ಲ. ಆ ಹಜಾರಕ್ಕೆ ಪಕ್ಕದ ಮನೆಯ ಪಂಜಾಬಿ ಹುಡುಗನೂ ಬರಲಿಚ್ಛಿಸಿದರೆ ಅವನಿಗೂ ಒಂದು ಚಾಪೆ ಹಾಸೋಣ. ಲೋಧಿ ಕಾಲೋನಿಯ ಆ ಮನೆಯಲ್ಲಿ ಈಗ ಭಾನುವಾರದ ಪಾಠ ಆರಂಭವಾಗಿದೆ. ಮೊದಲ ವಿದ್ಯಾರ್ಥಿನಿ ರಾಜ್ಯಶಾಸ್ತ್ರದ ಎಂ.ಎ. ಓದಿದವಳು, ಒತ್ತಕ್ಷರಗಳಲ್ಲಿ ಈಗ ಕಡಿಮೆ ಎಡವುತ್ತಾಳೆ.